ಕೇಳಿಸದ ವಿಸಿಲ್

ಜೋಸ್ಲಿನ್ ಕುದಿಯುವ ನೀರನ್ನು ಸ್ಟೀಲಿನ ಬಟ್ಟಲಿಗೆ ಸುರಿದು, ಚಿಟಿಕೆ ಉಪ್ಪು ಹಾಕಿ, ಗಂಡನ ವಿಸಿಲನ್ನು ಅದರಲ್ಲಿ ಮುಳುಗಿಸಿದಳು. ಪ್ರತಿ ಪಂದ್ಯದ ಮರುದಿನದ ಕೆಲಸವಿದು. ಈ ಸಲ ಮಾತ್ರ ತಡವಾಗಿತ್ತು. ಫೈನಲ್ ಮುಗಿಸಿ ಬಂದ ಇವಾನ್ ಬ್ಯಾಗನ್ನು ಮಂಚದ ಕೆಳಗೆ ತಳ್ಳಿದವನು ಮತ್ತೆ ಅದರ ಕಡೆ ನೋಡಿರಲಿಲ್ಲ.

ರೆಫರಿಯ ಬೂದು ಅಂಗಿ ಬಕೆಟ್ಟಿಗೆ ಹೋಯಿತು. ಆಮೇಲೆ ಅವಳು ಬ್ಯಾಗಿನ ಒಂದೊಂದೇ ಜೇಬಿಗೆ ಕೈ ಹಾಕಿದಳು. ಏನು ಹುಡುಕುತ್ತಿದ್ದೇನೆಂದು ತನಗೆ ತಾನೇ ಹೇಳಿಕೊಳ್ಳಲಿಲ್ಲ. ನೋವಿನ ಮುಲಾಮು ಸಿಕ್ಕಿತು, ಬೆವರಿನ ಕರವಸ್ತ್ರ ಸಿಕ್ಕಿತು. ಬೇರೇನೂ ಇರಲಿಲ್ಲ. ಆದರೂ ಎದೆ ಹಗುರವಾಗಲಿಲ್ಲ. ಅಂಥದ್ದನ್ನು ಯಾರಾದರೂ ಬ್ಯಾಗಿನಲ್ಲಿ ಇಟ್ಟುಕೊಳ್ಳುತ್ತಾರೆಯೇ?

ಮಣಿಪಾಲದಲ್ಲಿ ನಡೆದ ಬಾಸ್ಕೆಟ್‌ಬಾಲ್ ಲೀಗಿನ ಫೈನಲ್ ಅದು. ಕೊನೆಯ ಕ್ಷಣ, ಕಾಪು ತಂಡ ಒಂದೇ ಅಂಕ ಹಿಂದೆ. ಕಾಪುವಿನ ಹುಡುಗ ಉಜ್ವಲ್ ಬುಟ್ಟಿಯತ್ತ ಹಾರಿದ್ದ. ಎದುರಾಳಿಯ ಕೈ ಅವನ ಮಣಿಕಟ್ಟಿನ ಮೇಲೆ ಬಡಿಯಿತು, ಚೆಂಡು ಜಾರಿತು. ಪಕ್ಕದಲ್ಲೇ ಇವಾನ್ ನಿಂತಿದ್ದ. ಫೌಲಿನ ವಿಸಿಲ್ ಕೇಳಿಸಲಿಲ್ಲ. ಆಟ ಮುಗಿದೇ ಹೋಯಿತು.

ಆ ತುಣುಕನ್ನು ಕರಾವಳಿಯ ಫೋನುಗಳೆಲ್ಲ ನೋಡಿದ್ದವು. ಬಾಯಲ್ಲಿ ವಿಸಿಲ್, ಉಬ್ಬಿದ ಕೆನ್ನೆ, ಆದರೆ ಶಬ್ದವಿಲ್ಲ. ಫೌಲನ್ನು ಕಾಣದೆ ಬಿಟ್ಟಿದ್ದರೆ ಜನ ಬೈದು ಮರೆಯುತ್ತಿದ್ದರೇನೋ. ಇದು ನಾಟಕ, ಮಾರಿಕೊಂಡವನ ನಾಟಕ ಎಂದರು.

ಬೆಳಿಗ್ಗೆ ಕಲ್ಯಾಣಪುರದ ಅಂಗಡಿಕಾರ ಬಾವ ಈರುಳ್ಳಿ ತೂಗುತ್ತ ಕೇಳಿದ್ದ, "ಬಾಯಮ್ಮ, ನಿಮ್ಮ ಸಾರ್ ಊದಿದ್ದೋ, ಊದಿದ ಹಾಗೆ ಮಾಡಿದ್ದೋ?"

"ಊದಿದ್ದಾರೆ."

"ಹಾಗಾದರೆ ನಮಗೆಲ್ಲ ಡಾಕ್ಟರಿಗೆ ಕಿವಿ ತೋರಿಸಲಿಕ್ಕೆ ಉಂಟು, ಅಲ್ವಾ?"

ಪಕ್ಕದಲ್ಲಿದ್ದವರು ನಕ್ಕರು. ಜೋಸ್ಲಿನ್ ಈರುಳ್ಳಿ ಅಲ್ಲೇ ಬಿಟ್ಟು ಬಂದಿದ್ದಳು.

ಅಂಗಿ ತಿಕ್ಕಿ ಹಿಂಡುವಾಗ ಅವಳ ಕಣ್ಣು ಒಳಗೆ ಏಸುವಿನ ಪಟವಿದ್ದ ಅಲ್ತಾರಿನತ್ತ ಹೋಯಿತು. ಕಾರ್ಕಳದ ಅತ್ತೂರು ಇಗರ್ಜಿಯಿಂದ ತಂದ ಮೇಣದ ಮೊಂಬತ್ತಿ ಬೆರಳುದ್ದ ಉಳಿದಿತ್ತು. ಅತ್ತೆಯ ಕಾಲದ ರೂಢಿ: ಮನೆಯಿಂದ ಹೊರಡುವ ಮುಖ್ಯವಾದ ವಸ್ತುವಿಗೆಲ್ಲ ಅದರದೊಂದು ಹನಿ. ಮಗಳು ವನೆಸ್ಸಾಳ ಪರೀಕ್ಷೆಯ ಪೆನ್ನಿಗೆ, ಸ್ಕೂಟರಿನ ಕೀಲಿಗೆ. ಇವಾನ್ ಮಾತ್ರ ಒಪ್ಪುತ್ತಿರಲಿಲ್ಲ. "ನನ್ನ ಸಾಮಾನಿಗೆ ಬೇಡ ಮಾರಾಯ್ತಿ. ರೆಫರಿಯ ಮೇಲೆ ದೇವರ ಕೃಪೆ ಉಂಟು ಅಂತ ಗೊತ್ತಾದರೆ ಸೋತವರು ದೂರು ಕೊಟ್ಟಾರು" ಎಂದು ತಮಾಷೆ ಮಾಡುತ್ತಿದ್ದ. ಈಗ ಅವನು ತಮಾಷೆ ಮಾಡುವುದನ್ನೇ ಬಿಟ್ಟಿದ್ದ.

ಅವನು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಗಡ್ಡ ಬೆಳೆದಿತ್ತು.

"ಬ್ಯಾಗ್ ಎಲ್ಲಿ? ಮಧ್ಯಾಹ್ನ ಲೀಗಿನವರ ವಿಚಾರಣೆ. ವಿಸಿಲ್ ತರಲಿಕ್ಕೆ ಹೇಳಿದ್ದಾರೆ. ಇನ್ನು ಮೇಲೆ ನಾನು ಅಂಕಣಕ್ಕೆ ಇಳಿಯಬಹುದಾ ಇಲ್ಲವಾ, ಇವತ್ತೇ ತೀರ್ಮಾನ."

"ತೊಳೆಯಲಿಕ್ಕೆ ಹಾಕಿದ್ದೇನೆ."

ಇವಾನ್ ಸ್ಟೂಲಿನ ಮೇಲೆ ಕುಸಿದ. "ನಾನು ಊದಿದೆ, ಜೋಸ್ಲಿನ್. ಇದ್ದ ಉಸಿರೆಲ್ಲ ಹಾಕಿ ಊದಿದೆ. ಗಾಳಿ ಹೋಗಲೇ ಇಲ್ಲ. ಅಷ್ಟು ಹೊತ್ತು ಚಂದ ಕೂಗಿದ ವಿಸಿಲ್ ಅದು."

"ಯಾರಾದರೂ ಅದಕ್ಕೆ ಎಂತಾದರೂ ಮಾಡಿದ್ದಾರಾ?"

"ಯಾರು ಮಾಡುವುದು? ನನ್ನ ಕೈ ಬಿಟ್ಟರೆ ನಿನ್ನ ಕೈ. ಮೂರನೆಯವರು ಅದನ್ನು ಮುಟ್ಟಿದ್ದೇ ಇಲ್ಲ."

ಇಷ್ಟು ದಿನ ಹಿಡಿದಿಟ್ಟ ಮಾತು ಜಾರಿಬಿಟ್ಟಿತು. "ನನ್ನ ಹತ್ತಿರವಾದರೂ ನಿಜ ಹೇಳಿ. ಯಾರ ಹತ್ತಿರವಾದರೂ ಎಂತಾದರೂ ತಕ್ಕೊಂಡಿದ್ದೀರಾ?"

ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

"ನೀನೂ?" ಎಂದ, ಅಷ್ಟೆ.

ಕಣ್ಣನ್ನು ಅವಳ ಮುಖದಿಂದ ತೆಗೆಯದೆಯೇ ಬಟ್ಟಲಿಗೆ ಕೈ ಹಾಕಿ ವಿಸಿಲ್ ಎತ್ತಿಕೊಂಡ. ನೀರು ಕೊಡವಿ ತುಟಿಗಿಟ್ಟ. ಊದಿದ.

ಮನೆಯೇ ನಡುಗಿತು. ಹಿತ್ತಲ ತೆಂಗಿನ ಮರದಿಂದ ಕಾಗೆಗಳು ಎದ್ದು ಹಾರಿದವು. ಶಬ್ದ ಅಡಗಿದ ಮೇಲೂ ಇವಾನ್ ಅದನ್ನೇ ಕೇಳುತ್ತಿರುವವನಂತೆ ಕುಳಿತಿದ್ದ.

"ಸರಿಯೇ ಉಂಟಲ್ಲ," ಎಂದ ಮೆಲ್ಲಗೆ. ವಿಸಿಲನ್ನು ಕೈಯಲ್ಲಿ ತಿರುಗಿಸಿ ನೋಡುತ್ತ, "ಹಾಗಾದರೆ ನಾನೇ ಊದಲಿಲ್ಲವೋ ಏನೋ. ಊದಿದೆ ಅಂತ ನನಗೆ ಕಂಡದ್ದು ಇರಬೇಕು."

"ಹಾಗೆ ಹೇಳಬೇಡಿ."

"ಬೇರೆ ಎಂತ ಹೇಳುವುದು? ಅವರೂ ಊದಿ ನೋಡುತ್ತಾರೆ. ಇದು ಹೀಗೇ ಕೂಗುತ್ತದೆ. ತಪ್ಪು ನನ್ನದು ಅಂತ ಬರೆದು ಕೊಟ್ಟು ಬರುತ್ತೇನೆ. ಮುಗಿಯಲಿ."

ವಿಸಿಲನ್ನು ಒರೆಸಿ ಜೇಬಿಗಿಟ್ಟುಕೊಂಡು ಗಡ್ಡ ತೆಗೆಯಲು ಹೋದ. ಬಚ್ಚಲಿನ ನಲ್ಲಿ ಸುರಿಯುವ ಸದ್ದು ಕೇಳಿಸಿತು. ಜೋಸ್ಲಿನ್ ಅಂಗಿಯನ್ನು ಹಿತ್ತಲ ತಂತಿಗೆ ಹಾಕಿ, ತೋಳುಗಳ ಸುಕ್ಕು ಬಿಡಿಸಿ, ಮತ್ತೆ ಬಿಡಿಸಿ, ಒಳಗೆ ಬಂದಳು. ಬಟ್ಟಲಿನ ನೀರು ಚೆಲ್ಲಲೆಂದು ಎತ್ತಿದಳು.

ನೀರು ತಣಿದಿತ್ತು. ಅದರ ಮೇಲೆ ಏನೋ ತೇಲುತ್ತಿತ್ತು. ಬಿಳಿ, ತೆಳ್ಳಗೆ, ಇಗರ್ಜಿಯಲ್ಲಿ ಕೊಡುವ ಪರಮಪ್ರಸಾದದ ಓಸ್ತಿಯ ಚೂರಿನಂತೆ. ಉಗುರಿನಿಂದ ಮೆಲ್ಲಗೆ ಎತ್ತಿ ಮೂಗಿನ ಹತ್ತಿರ ಹಿಡಿದಳು. ಆಮೇಲೆ ಅದನ್ನು ಕರವಸ್ತ್ರದಲ್ಲಿಟ್ಟು ಗಂಟು ಕಟ್ಟಿದಳು.

ಇವಾನ್ ಹೊರಬಂದಾಗ ಅವಳು ನೀಲಿ ಸೀರೆ ಉಟ್ಟು ನಿಂತಿದ್ದಳು. ಕೈಚೀಲದೊಳಗೆ ಆ ಗಂಟು ಇತ್ತು.

"ನಾನೂ ಬರುತ್ತೇನೆ."

"ನೀನು ಎಂತಕ್ಕೆ?"

"ಸುಮ್ಮನೆ."

ಫೈನಲ್ಲಿನ ಬೆಳಿಗ್ಗೆ, ಅವನು ಸ್ನಾನಕ್ಕೆ ಹೋಗಿದ್ದಾಗ, ಅತ್ತೂರಿನ ಮೊಂಬತ್ತಿಯನ್ನು ಬಾಗಿಸಿ, ಅವನ ಕಣ್ಣಿಗೆ ಬೀಳದಂತೆ ವಿಸಿಲಿನ ಸೀಳಿನ ಒಳಕ್ಕೆ, ಕೊನೆಯ ಗಳಿಗೆಯಲ್ಲಿ ಕಳಚಿ ಗಾಳಿಯ ದಾರಿ ಮುಚ್ಚಿದ ಆ ಒಂದೇ ಒಂದು ಹನಿ ಮೇಣವನ್ನು ಬಿಟ್ಟಿದ್ದವಳು ಅವಳೇ.