ಆಡು ತಿಂದ ಹಾಳೆ

ಓದುತ್ತ ಓದುತ್ತ ರಾಹೇಲವ್ವನ ದನಿ ಗಕ್ಕನೆ ನಿಂತಿತು. ಮುಂದಿನ ಹಾಳೆ ಇರಲಿಲ್ಲ. ಹದಿನೈದು ದಿನದ ಹಿಂದೆಯೇ ಅದು ಪಕ್ಕದ ಮನೆಯ ಪೀರಾಂಬಿಯ ಆಡಿನ ಹೊಟ್ಟೆ ಸೇರಿತ್ತು.

ಎಪ್ಪತ್ನಾಲ್ಕನೇ ಇಸವಿಯ ಒಂದು ರವಿವಾರ ಅದು. ತಿಕೋಟಾದ ಆರೇಳು ಮನೆಯ ಕ್ರೈಸ್ತರು ಎಂದಿನಂತೆ ರಾಹೇಲವ್ವನ ಅಂಗಳದಲ್ಲಿ ಸೇರಿದ್ದರು. ಸಭಾಪಾಲಕ ಶಾಂತಪ್ಪನವರು ವಿಜಾಪುರದಿಂದ ಬಸ್ಸು ಹತ್ತಿ ಬಂದು ಕರ್ತನ ಭೋಜನದ ರೊಟ್ಟಿ ಮುರಿದು ಕೊಡುವುದು ಮೂರು ತಿಂಗಳಿಗೊಮ್ಮೆ ಮಾತ್ರ; ಇವತ್ತು ಬಂದಿದ್ದರು. ಗಂಡ ಸತ್ತ ಮೇಲೆ ರಾಹೇಲವ್ವನ ಜೀವ ತಣ್ಣಗಾಗುತ್ತಿದ್ದದ್ದು ಆ ಒಂದು ತುತ್ತಿನಲ್ಲಿ. ಆದರೆ ನೆರೆಯವರ ಮನಸ್ಸು ನೋಯಿಸಿ ಆ ರೊಟ್ಟಿಗೆ ಕೈ ಚಾಚುವಂತಿಲ್ಲ. ಇವತ್ತಿನ ಓದೂ ಅದನ್ನೇ ಹೇಳುವ ಭಾಗವಾಗಿರಬೇಕೆ!

ಆಗಿದ್ದು ಇಷ್ಟೇ. ಹುಳ ಹಿಡಿಯದಿರಲೆಂದು ಗಂಡನ ಕಾಲದ ಸತ್ಯವೇದವನ್ನು ಬಿಸಿಲಿಗೆ ಬಿಡಿಸಿಟ್ಟು ನೀರಿಗೆ ಹೋಗಿದ್ದಳು. ಬರುವಷ್ಟರಲ್ಲಿ ಆ ಹಾಳುಬಿದ್ದ ಆಡು ಒಂದು ಹಾಳೆ ಹರಿದುಕೊಂಡು ಮೆಲ್ಲುತ್ತ ನಿಂತಿತ್ತು. ಆಡಿಗೆ ಬೈದು ಸುಮ್ಮನಾಗಬಾರದಿತ್ತೆ ಪುಣ್ಯಾತ್ಗಿತ್ತಿ?

"ನಮ್ಮ ಪುಸ್ತಕಾ ಅಂತನ ಬೇಕಂತ ಬಿಟ್ಟಿ, ಹೌದಿಲ್ಲ? ನಿಮ್ಮದಾಗಿದ್ರ ಹಿಂಗ ಬಿಡತಿದ್ದೇನು?" ಎಂದು ಪೀರಾಂಬಿಗೆ ಅಂದುಬಿಟ್ಟಿದ್ದಳು.

ಇಪ್ಪತ್ತು ವರ್ಷ ಬಾಯ್ತುಂಬ ಯಕ್ಕಾ ಎಂದು ಕರೆದಿದ್ದ ಪೀರಾಂಬಿ ಆಡಿನ ಹಗ್ಗ ಹಿಡಿದು ಒಳಗೆ ಹೋದಳು. ಅಂದಿನಿಂದ ಗೋಡೆಯ ಮೇಲಿಂದ ಆಚೀಚೆ ಓಡಾಡುತ್ತಿದ್ದ ಪಲ್ಯದ ಬಟ್ಟಲೂ ನಿಂತುಹೋಗಿತ್ತು.

"ಯಾಕವ್ವಾ, ಮುಂದ?" ಶಾಂತಪ್ಪನವರು ಕೇಳಿದರು.

"ಹಾಳಿ ಇಲ್ರಿ, ಅಯ್ಯಾರ."

"ನಿಮಗ ಬಾಯಿಪಾಠ ಐತೆಲ್ಲಾ? ಹಂಗ ಹೇಳ್ರಿ."

ಬಾಯಿಪಾಠವೇನೋ ಇತ್ತು, ಸಣ್ಣವಳಿದ್ದಾಗಲೇ ಕಲಿತದ್ದು. ಹೇಳಿದರೆ ಅದರಂತೆ ಎದ್ದು ಹೋಗಬೇಕಾಗುತ್ತದಲ್ಲ! ಹೋದರೆ ಪೀರಾಂಬಿ ಮುಖ ತಿರುಗಿಸಿಬಿಟ್ಟರೆ? ಗೋಡೆಯಾಚೆ ಅವಳು ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ರಾಹೇಲವ್ವನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಬಡಿಯುವ ಸಪ್ಪಳ ನಿಂತಿತು.

"ತಂದ ಕಾಣಿಕಿ ಅಲ್ಲೇ ಇಟ್ಟು, ಮೊದಲ ಹೋಗಿ ರಾಜಿ ಆಗಿ ಬಾ ಅಂತೈತ್ರೀ, ಅಯ್ಯಾರ," ಗೋಡೆಯಾಚೆಯಿಂದ ಪೀರಾಂಬಿಯ ದನಿ ಬಂತು. "ಯಕ್ಕ ದಿನಾ ಸಂಜಿಕ ದೊಡ್ಡ ದನೀಲೆ ಓದ್ತಾಳ, ನಾ ಇಲ್ಲೆ ರೊಟ್ಟಿ ಬಡೀತೇನಿ. ಕಿವಿ ಮುಚಗೊಂಡು ಬಡ್ಯಾಕ ಆಕ್ಕೈತೇನ್ರಿ?"

ಅಂಗಳದಲ್ಲಿ ಯಾರೋ ಕಿಸಕ್ಕೆಂದರು. ರಾಹೇಲವ್ವನಿಗೆ ನಗು ಬರಲಿಲ್ಲ, ಅಳು ಒತ್ತರಿಸಿ ಬಂತು. ತಾನು ಇಷ್ಟು ವರ್ಷ ಓದಿದ್ದನ್ನು ಕೇಳಿಸಿಕೊಂಡವಳು ಇವಳಾ! ಎಂಥವಳಿಗೆ ಎಂಥ ಮಾತಾಡಿಬಿಟ್ಟೆ! ಪುಸ್ತಕ ಕೆಳಗಿಟ್ಟು ಎದ್ದಳು.

ಶಾಂತಪ್ಪನವರು ತಟ್ಟೆಯ ರೊಟ್ಟಿಯ ಮೇಲೆ ಬಿಳಿ ಅರಿವೆ ಮತ್ತೆ ಹೊದಿಸಿದರು. "ಹೋಗಿ ಬರ್ರಿ. ನಾವು ಕಾಯ್ತೇವಿ."

ರಾಹೇಲವ್ವ ಗೋಡೆಗೆ ಎದೆಯಾನಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ತಪ್ಪಾತ ಬೇ, ಪೀರಾಂಬಿ. ನನ್ನ ಬಾಯಿಗಿಷ್ಟು ಬೆಂಕಿ ಬೀಳ್ಲಿ."

ಹಿಟ್ಟಿನ ಕೈಯಲ್ಲೇ ಎದ್ದು ನಿಂತಿದ್ದ ಪೀರಾಂಬಿಯ ಕಣ್ಣೂ ತುಂಬಿತ್ತು. ಆದರೂ ಗತ್ತು ಬಿಡಲಿಲ್ಲ.

"ಗ್ವಾಡಿ ಮ್ಯಾಲಿಂದ ನಡ್ಯಾಂಗಿಲ್ಲ, ಯಕ್ಕಾ. ಅದರಾಗ 'ಹೋಗಿ' ಅಂತೈತಿ. ಬಾಗಲದಾಗಿಂದ ಬಾ."