ಗಿಡ್ಡ ತೋಳು

ನಾಲ್ಕನೇ ಸಲವೂ ದಾರ ಸೂಜಿಯ ಕಣ್ಣಿಗೆ ಹೋಗದಿದ್ದಾಗ ಬಿಕ್ ಅದನ್ನು ಹಲ್ಲಿನಿಂದ ಕಚ್ಚಿ ತುಂಡರಿಸಿದಳು. ಹೊಸ ವರ್ಷದ ತೇತ್ ಹಬ್ಬಕ್ಕೆ ಆರೇ ದಿನ ಉಳಿದಿತ್ತು. ಹೊಯ್ ಆನ್ ಪಟ್ಟಣದ ಆ ಪುಟ್ಟ ಹೊಲಿಗೆ ಅಂಗಡಿಯಲ್ಲಿ ಇನ್ನೂ ಹದಿನೆಂಟು ರೇಷ್ಮೆ ನಿಲುವಂಗಿಗಳು ಬಾಕಿಯಿದ್ದವು. ತಂಗಿ ಸೆನ್ ತೀರಿಕೊಂಡು ಎರಡು ತಿಂಗಳಾಗಿತ್ತು. ಮಣ್ಣು ಮಾಡಿ ಬಂದ ಮರುದಿನವೇ ಬಿಕ್ ಕತ್ತರಿ ಹಿಡಿದಿದ್ದಳು.

"ನಾಲ್ಕು ಸಲ ಆಯ್ತು. ಸೂಜಿ ಕೆಳಗಿಡೇ," ಎಂದರು ಎದುರು ಕುಳಿತು ಗುಂಡಿ ಹಾಕುತ್ತಿದ್ದ ಕುಕ್ ಚಿಕ್ಕಮ್ಮ.

"ಹದಿನೆಂಟನ್ನೂ ನೀವು ದಿನಾ ಕೈಮುಗಿಯೋ ಬುದ್ಧ ಬಂದು ಹೊಲೀತಾನಾ?"

"ಅವನಿಗೆ ಕಾಜಾ ಹಾಕೋಕೂ ಬರಲ್ಲ, ಬಿಡು. ಬಟ್ಟೆ ಮೇಲೆ ಕೈಯಿಟ್ಟು ಸುಮ್ನೆ ಮೂರು ಸಲ ಉಸಿರಾಡು. ಕೈ ಕೆಳಗೆ ಏನಿದೆಯೋ ಅದನ್ನಷ್ಟೇ ನೋಡು."

ಚಿಕ್ಕಮ್ಮನ ಬಾಯಿ ಮುಚ್ಚಿಸಲೆಂದೇ ಬಿಕ್ ಕೈಯಿಟ್ಟಳು. ಮೊದಲ ಉಸಿರು ಅರ್ಧಕ್ಕೇ ನಿಂತಿತು. ಆಮೇಲೆ ರೇಷ್ಮೆಯ ತಂಪು ತಾಕಿತು, ಬೆನ್ನು ಎಷ್ಟು ನೋಯುತ್ತಿದೆಯೆಂದು ಗೊತ್ತಾಯಿತು. ಬೆರಳು ಮೆಲ್ಲಗೆ ಸರಿಯುತ್ತಾ ತೋಳಿನ ಅಂಚಿಗೆ ಬಂದು ನಿಂತುಬಿಟ್ಟಿತು. ಅದು ಎತ್ತರದ ಮದುಮಗಳೊಬ್ಬಳ ಅಂಗಿ. ತೋಳು ಮೂರು ಬೆರಳಿನಷ್ಟು ಗಿಡ್ಡವಾಗಿತ್ತು.

"ಚಿಕ್ಕಮ್ಮ, ಇದು ನಮ್ಮ ಸೆನ್ ತೋಳು. ಅವಳ ಅಳತೆಗೇ ಕತ್ತರಿಸಿಬಿಟ್ಟಿದೀನಿ."

ಎರಡು ತಿಂಗಳಿಂದ ಬಾರದಿದ್ದ ಅಳು ಆಗ ಬಂತು. ಚಿಕ್ಕಮ್ಮ ಎದ್ದು ಅಂಗಡಿಯ ಬಾಗಿಲೆಳೆದರು. ಹೊರಗೆ ಯಾರೋ ಗಿರಾಕಿ ಬಡಿದು, ಕಾದು, ಹೊರಟುಹೋದರು.

ಅತ್ತು ಸಾಕಾದ ಮೇಲೆ ಬಿಕ್ ಆ ತೋಳನ್ನು ಮಡಚಿ ತನ್ನ ಚೀಲದೊಳಗಿಟ್ಟಳು. ಹೊಸ ರೇಷ್ಮೆಯನ್ನು ಮೇಜಿನ ಮೇಲೆ ಹರಡಿದಳು.

"ಆ ಮದುಮಗಳ ಅಳತೆ ಓದಿ ಚಿಕ್ಕಮ್ಮ," ಎಂದಳು. "ನಿಧಾನಕ್ಕೆ ಓದಿ."