ಇನ್ನೊಂದು ಸಲ ಅಳಿಸಲೇ?

ಕಲಿಯುವವರು ಎಡವಿದ ಕೂಡಲೇ ಅವರ ಕೈಯಿಂದ ಕೀಬೋರ್ಡನ್ನು ಕಸಿದುಕೊಂಡು, ಅದನ್ನೇ ಉಪಕಾರವೆಂದು ಬೀಗಿದವರಲ್ಲಿ ತಾವೂ ಒಬ್ಬರಲ್ಲವೇ?

ಪಠ್ಯಪುಸ್ತಕ ತಯಾರಿಸುವ ಕಚೇರಿಯೊಂದರಲ್ಲಿ ಅಂಥವರೊಬ್ಬರಿದ್ದರು. ಬೆರಳುಗಳ ವೇಗಕ್ಕಾಗಿ ಎಲ್ಲರೂ ಅವರನ್ನು ‘ಪಟಪಟ ಸರ್’ ಎನ್ನುತ್ತಿದ್ದರು. ಪಾಠಗಳ ಪ್ರತಿ ತಿದ್ದುಪಡಿಯನ್ನೂ ‘ಗಿಟ್’ ಎಂಬ ತಂತ್ರಾಂಶದಲ್ಲಿ ಹಂತಹಂತವಾಗಿ ಉಳಿಸುವುದು ಅಲ್ಲಿನ ನಿಯಮ. ಹೊಸ ಸಂಪಾದಕಿ ಆ ಬೆಳಿಗ್ಗೆ ಸಣ್ಣ ತಪ್ಪೊಂದನ್ನು ರದ್ದುಮಾಡಲು ಹೋಗಿ ‘ರೀಸೆಟ್ ಹಾರ್ಡ್’ ಎಂಬ ಕಮಾಂಡ್ ಕೊಟ್ಟಳು. ವಾರವಿಡೀ ತಿದ್ದಿ ಉಳಿಸಿದ್ದ ಉಸಿರಾಟದ ಪಾಠ ಕಣ್ಣೆದುರೇ ಮಾಯವಾಯಿತು. ಸಂಜೆ ಅದು ಅಚ್ಚಿಗೆ ಹೋಗಬೇಕಿತ್ತು. ಅವಳ ಕೆಲಸವಿನ್ನೂ ಕಾಯಂ ಆಗಿರಲಿಲ್ಲ.

“ಮತ್ತೆ ಎಡವಟ್ಟಾ? ಏಳಮ್ಮ ಮೇಲೆ,” ಎಂದು ಪಟಪಟ ಸರ್ ಅವಳ ಕುರ್ಚಿಯಲ್ಲಿ ಕುಳಿತರು. ಕ್ಷಣದಲ್ಲಿ ಪಾಠ ಮರಳಿತು. “ನೋಡು, ಹೂವೆತ್ತಿದ ಹಾಗೆ ಮುಗೀತು. ಇನ್ಮೇಲೆ ಆ ಕಮಾಂಡಿನ ತಂಟೆಗೇ ಹೋಗ್ಬೇಡ. ಏನಾದ್ರೂ ಆದ್ರೆ ನನ್ನ ಕರಿ.”

“ಸರ್, ಇಷ್ಟು ಹೊತ್ತು ಅದು ಎಲ್ಲಿತ್ತು?”

“ಎಲ್ಲಿದ್ರೆ ನಿನಗೇನಮ್ಮ? ಬಂತಲ್ಲ!” ಎಂದು ಅವರು ಕುರ್ಚಿಯಿಂದೆದ್ದರು.

ವಿದ್ಯೆಯನ್ನು ಬಚ್ಚಿಟ್ಟುಕೊಂಡು ಅದರ ಫಲವನ್ನಷ್ಟೇ ಬಡಿಸುವುದು ದಾನವಲ್ಲ, ದೊಡ್ಡಸ್ತಿಕೆ. ಅವಳು ಮತ್ತೆ ಕುಳಿತು ಕಂಪ್ಯೂಟರಿನ ಪರದೆಯನ್ನೇ ದಿಟ್ಟಿಸಿದಳು.

“ಹಾಗಾದ್ರೆ ಇನ್ನೊಂದು ಸಲ ಅಳಿಸ್ಲಾ ಸರ್?”

“ತಲೆ ನೆಟ್ಟಗಿದೆಯಾ? ಸಂಜೆ ಅಚ್ಚಿಗೆ ಹೋಗೋ ಪಾಠ ಅದು!”

“ನಾಳೆಯಿಂದ ನೀವು ರಜಾ. ನಾಳೆ ಹೀಗಾದ್ರೆ ಯಾರನ್ನ ಕರೀಲಿ?”

ಉತ್ತರಕ್ಕೆ ಕಾಯದೆ ಅವಳು ಬೆಳಗಿನ ಅದೇ ಕಮಾಂಡ್ ಬರೆದು ಕೀಲಿ ಒತ್ತಿಯೇಬಿಟ್ಟಳು. ಪಾಠ ಮತ್ತೆ ಮಾಯ. ಪಟಪಟ ಸರ್ ಅವರ ಕೈಗಳು ಅಭ್ಯಾಸಬಲದಿಂದ ಮುಂದಕ್ಕೆ ಚಾಚಿದವು.

“ಕೈ ಹಿಂದಕ್ಕೆ ಸರ್. ಬಾಯಲ್ಲಿ ಹೇಳಿ.”

ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ರೆಫ್‌ಲಾಗ್ ಅಂತ ಬರಿ.”

ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಕೆಲಸವು ಯಾವ ಯಾವ ಹಂತದಲ್ಲಿ ನಿಂತಿತ್ತೆಂಬುದು ಸಾಲುಸಾಲಾಗಿ ಮೂಡಿತು. “ಅಯ್ಯೋ, ಎಲ್ಲಾ ಇಲ್ಲೇ ಇದೆ!”

“ಅಳಿಸೋ ಮುಂಚಿನ ಸಾಲು ಹಿಡಿ. ಅದರ ಗುರುತನ್ನ ಹಾಕಿ ರೀಸೆಟ್ ಹಾರ್ಡ್ ಕೊಡು.”

“ಅದೇ ಕಮಾಂಡಾ? ಕಳೆದಿದ್ದೂ ಅದೇ, ತರೋದೂ ಅದೇನಾ?”

“ಅದೇ ಕಣಮ್ಮ. ಎಲ್ಲಿಗೆ ಹೋಗು ಅಂತೀಯೋ ಅಲ್ಲಿಗೆ ಹೋಗುತ್ತೆ, ಅಷ್ಟೇ.”

ಅವಳು ಒತ್ತಿದಳು. ಉಸಿರಾಟದ ಪಾಠ ಮರಳಿತು. ಪಟಪಟ ಸರ್ ಕೂಡ ಉಸಿರಾಡಿದರು. ಅವರ ಕೈಗಳು ಮಾತ್ರ ಇನ್ನೂ ಬೆನ್ನ ಹಿಂದೆಯೇ ಇದ್ದವು.

ಓದುಗರೇ, ನಾಳೆ ತಮ್ಮ ಪಕ್ಕದಲ್ಲಿ ಕಲಿಯುವವರೊಬ್ಬರು ಎಡವಿದಾಗ, ದಯವಿಟ್ಟು ತಮ್ಮ ಕೈಗಳನ್ನೂ ಅಲ್ಲಿಯೇ ಇಡಿ.